ಬರೆಯೋಕೆ ಒದ್ದಾಡುವ ಮಕ್ಕಳು: ಟೀಚರಮ್ಮನ ಉತ್ತರಗಳು

ಹೋದ ಸಂಚಿಕೆಯಲ್ಲಿ ಮಕ್ಕಳ ಓದಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರವಣಿಗೆಯ ಬಗ್ಗೆಯೇ ಇದ್ದವು. ಕೆಲವನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 33 ವರ್ಷ ಪಾಠ ಮಾಡಿದವಳು. ಕೊನೆಯ ಕೆಲವು ವರ್ಷ ವಿಶೇಷ ತರಬೇತಿ ಪಡೆದು, ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಓಡಾಡಿದವಳು. ಡಾಕ್ಟರಲ್ಲ. ಕಂಡಿದ್ದು, ಮಾಡಿ ನೋಡಿದ್ದು, ಡಾಕ್ಟರುಗಳಿಂದ ಕಲಿತಿದ್ದು, ಇಷ್ಟನ್ನೇ ಹೇಳುತ್ತೇನೆ. ಆರು ಪತ್ರ ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಟೀಚರ್ ಅವರಿಗೆ ನಮಸ್ಕಾರ. ನನ್ನ ಮಗ ನಾಲ್ಕನೇ ಕ್ಲಾಸು. ನಮ್ಮದು ರೇಷ್ಮೆ ಸಾಕುವ ಮನೆ. ಹುಳಕ್ಕೆ ಎಷ್ಟು ಜ್ವರ (ಮೇವು ಬಿಟ್ಟು ಪೊರೆ ಕಳಚೋದು), ಯಾವ ಜ್ವರ ಎದ್ದ ಮೇಲೆ ಎಷ್ಟು ಸೊಪ್ಪು, ಯಾವಾಗ ಹಣ್ಣಾಗುತ್ತೆ, ಯಾವಾಗ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡಬೇಕು, ಎಲ್ಲ ಪಟಪಟ ಅಂತ ಹೇಳುತ್ತಾನೆ. ಬರಿ ಅಂದರೆ ಎರಡು ಸಾಲಿಗೆ ಅರ್ಧ ಗಂಟೆ. ನೋಟ್ಸು ಯಾವಾಗಲೂ ಅರ್ಧಂಬರ್ಧ. ಸ್ಕೂಲಲ್ಲಿ ಸೋಮಾರಿ ಅಂತಾರೆ. ಅವರಪ್ಪ ಬೆಲ್ಟು ತೆಗೆದುಕೊಳ್ಳುತ್ತಾರೆ. ನಾನು ಏನು ಮಾಡಲಿ?
— ಒಬ್ಬ ತಾಯಿ, ಚಿಂತಾಮಣಿ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಆ ಬೆಲ್ಟನ್ನು ಎತ್ತಿಡಿ. ಈ ಉತ್ತರವನ್ನು ಅವರಪ್ಪನ ಕೈಗೆ ಕೊಟ್ಟು ಓದಿಸಿ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಐದನೇ ಕ್ಲಾಸಲ್ಲಿ ಒಬ್ಬ ಹುಡುಗ ನೋಟ್ಸು ಬರೆಯುತ್ತಲೇ ಇರಲಿಲ್ಲ. ನಾನೂ ಸೋಮಾರಿ ಅಂದುಕೊಂಡೆ. ತಪ್ಪಿದ ಪದಗಳನ್ನು ಒಂದೊಂದು ಐವತ್ತು ಸಲ ಬರೆದುಕೊಂಡು ಬಾ ಅಂದೆ. ಮಾರನೇ ದಿನ ಪುಸ್ತಕ ತಂದ. ಅಕ್ಷರ ಅಂಕುಡೊಂಕು, ಅಲ್ಲಲ್ಲಿ ಹಾಳೆ ತೂತು. ಬೈಯೋಕೆ ಅಂತ ಹಾಳೆ ತಿರುಗಿಸಿದೆ. ಹಿಂದುಗಡೆ ಬೆರಳಿಟ್ಟರೆ ಪ್ರತಿ ಅಕ್ಷರವೂ ಉಬ್ಬಿಕೊಂಡಿತ್ತು, ಹೊಲಿಗೆ ಹಾಕಿದ ಹಾಗೆ. ಅಷ್ಟು ಒತ್ತಿ ಬರೆದಿದ್ದ. ಅವನ ಕೈ ಹಿಡಿದು ನೋಡಿದರೆ ನಡುಬೆರಳಿನ ಪಕ್ಕ ಕೆಂಪಗೆ ಕುಳಿ ಬಿದ್ದಿತ್ತು. ಸೋಮಾರಿ ಆಗಿದ್ದರೆ ಅಷ್ಟು ಶಕ್ತಿ ಹಾಕುತ್ತಿದ್ದನಾ? ಆಮೇಲೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಿತ್ತೂರು ಚೆನ್ನಮ್ಮನ ಪಾಠ ಬಾಯಲ್ಲಿ ಹೇಳು ಅಂದೆ. ಮೊದಲಿಂದ ಕೊನೆವರೆಗೂ ಹೇಳಿದ. ಅವನು ಕ್ಲಾಸಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಆ ಐವತ್ತು ಸಲದ ಶಿಕ್ಷೆ ನನ್ನ ಮನಸ್ಸಿಂದ ಇವತ್ತಿಗೂ ಹೋಗಿಲ್ಲ.

ಈ ತೊಂದರೆಗೆ ಡಿಸ್‌ಗ್ರಾಫಿಯ ಅನ್ನುತ್ತಾರೆ. ಬುದ್ಧಿ ಕಡಿಮೆ ಅಂತ ಅರ್ಥವಲ್ಲ. ಬರೆಯುವಾಗ ಮಗು ಒಂದೇ ಹೊತ್ತಿನಲ್ಲಿ ಏನೆಲ್ಲ ಮಾಡಬೇಕು ನೋಡಿ: ಹೇಳಬೇಕಾದ ಮಾತು ನೆನಪಿಟ್ಟುಕೊಳ್ಳಬೇಕು, ಪದವನ್ನು ಸದ್ದು ಸದ್ದಾಗಿ ಬಿಡಿಸಬೇಕು, ಆ ಸದ್ದಿಗೆ ಯಾವ ಅಕ್ಷರ ಅಂತ ನೆನೆಯಬೇಕು, ಅದರ ಆಕಾರ ಕಣ್ಣಿಗೆ ತಂದುಕೊಳ್ಳಬೇಕು, ಬೆರಳು ತಿರುಗಿಸಬೇಕು, ಗೆರೆ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳಬೇಕು. ನಮಗೆ ಇದೆಲ್ಲ ತಾನಾಗಿ ಆಗುತ್ತದೆ. ಈ ಮಕ್ಕಳಿಗೆ ಆಗುವುದಿಲ್ಲ. ಒಂದೊಂದು ಅಕ್ಷರವನ್ನೂ ಹೊಸದಾಗಿ ಕಟ್ಟಬೇಕು. ಅಷ್ಟರಲ್ಲಿ ಹೇಳಬೇಕಾದ ಮಾತೇ ಮರೆತಿರುತ್ತದೆ.

ನಮ್ಮ ಕನ್ನಡದಲ್ಲಿ ಇನ್ನೂ ಒಂದಷ್ಟು ಕೆಲಸ ಜಾಸ್ತಿ. ‘ಕೋಳಿ’ ಬರೆಯಬೇಕಾದರೆ ಮೊದಲ ಅಕ್ಷರಕ್ಕೇ ಏತ್ವ, ಕೊಂಬಿನ ಇಳಿ, ದೀರ್ಘ ಮೂರೂ ಸೇರಬೇಕು. ‘ರಾಷ್ಟ್ರ’ದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ‘ರ’ ಕೈಯಲ್ಲಿ ಕೊನೆಗೆ ಬರುತ್ತದೆ. ನಾನು ಕಂಡ ಮಟ್ಟಿಗೆ ಈ ಮಕ್ಕಳು ಮೊದಲು ಬಿಡುವುದು ಒತ್ತು ಮತ್ತು ದೀರ್ಘ. ಆಮೇಲೆ ಪ-ಷ, ವ-ಮ, ಬ-ಭ, ದ-ಧ ಅದಲುಬದಲು.

ನೀವು ಮನೆಯಲ್ಲೇ ಒಂದು ಕೆಲಸ ಮಾಡಿ. ಒಂದೇ ದಿನ ಎಲ್ಲ ಬೇಡ, ಮೂರು ದಿನ ಮಾಡಿ. ಮೊದಲ ದಿನ ಪುಸ್ತಕ ಪಕ್ಕದಲ್ಲಿಟ್ಟು ನಾಲ್ಕು ಸಾಲು ನೋಡಿ ಬರೆಸಿ. ಎರಡನೇ ದಿನ ಅದೇ ಮಟ್ಟದ ನಾಲ್ಕು ಸಾಲು ನೀವು ಹೇಳಿ ಬರೆಸಿ, ಉಕ್ತಲೇಖನದ ಹಾಗೆ. ಮೂರನೇ ದಿನ ಹುಳ ಸಾಕುವ ಬಗ್ಗೆ ನಾಲ್ಕು ಸಾಲು ಅವನೇ ಬರೆಯಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೋಡಿ ಬರೆಯುವುದೇ ಕಷ್ಟ ಆಗಿದ್ದರೆ ತೊಂದರೆ ಕೈ, ಕಣ್ಣಿನ ಕಡೆ ಇರಬಹುದು. ನೋಡಿ ಬರೆದದ್ದು ಚೆನ್ನಾಗಿದ್ದು ಹೇಳಿ ಬರೆಸಿದಾಗ ಕೆಟ್ಟರೆ ಸದ್ದನ್ನು ಅಕ್ಷರ ಮಾಡುವಲ್ಲಿ ಕಷ್ಟ. ಅಂಥವರಿಗೆ ಓದುವುದರಲ್ಲೂ ಹೆಚ್ಚಾಗಿ ತೊಂದರೆ ಇರುತ್ತದೆ. ಎರಡೂ ಚೆನ್ನಾಗಿದ್ದು ಸ್ವಂತ ಬರಹ ಮಾತ್ರ ಕೈಕೊಟ್ಟರೆ, ಯೋಚನೆಯನ್ನು ವಾಕ್ಯಕ್ಕೆ ಇಳಿಸುವಲ್ಲಿ ತೊಡಕು. ಒಬ್ಬೊಬ್ಬರಲ್ಲಿ ಮೂರೂ ಇರುವುದುಂಟು. ಈ ಮೂರು ಹಾಳೆಯ ಮೇಲೆ ತಾರೀಖು ಹಾಕಿ ಜೋಪಾನವಾಗಿಡಿ. ಡಾಕ್ಟರ ಹತ್ತಿರ ಹೋದಾಗ ತುಂಬ ಉಪಯೋಗಕ್ಕೆ ಬರುತ್ತದೆ.

ಬರೆಯುವಾಗ ಪಕ್ಕದಲ್ಲಿ ಕೂತು ಅವನನ್ನೂ ಗಮನಿಸಿ. ಪೆನ್ಸಿಲ್ಲನ್ನು ಮುಷ್ಟಿ ಕಟ್ಟಿದ ಹಾಗೆ ಹಿಡಿಯುತ್ತಾನಾ? ಆಗಾಗ ಕೈ ಒದರುತ್ತಾನಾ? ಇನ್ನೊಂದು ಕೈ ಹಾಳೆ ಹಿಡಿದಿರುತ್ತದಾ, ಸುಮ್ನೆ ಜೋತಾಡುತ್ತದಾ? ಒಂದೇ ಅಕ್ಷರವನ್ನು ಒಂದೊಂದು ಸಲ ಒಂದೊಂದು ಕಡೆಯಿಂದ ಶುರು ಮಾಡುತ್ತಾನಾ? ಪದಗಳ ನಡುವೆ ಜಾಗ ಬಿಡುತ್ತಾನಾ? ಅಂಗಿ ಗುಂಡಿ ಹಾಕೋದು, ಶೂ ಲೇಸ್ ಕಟ್ಟೋದು, ಕತ್ತರಿ ಹಿಡಿಯೋದು ಕೂಡ ಕಷ್ಟವಾ? ಇದೆಲ್ಲ ಬರೆದಿಟ್ಟುಕೊಳ್ಳಿ.

ಮೊದಲ ಕೆಲಸ ಕಣ್ಣಿನ ಪರೀಕ್ಷೆ. ಬೋರ್ಡು ಕಾಣದೆ ನೋಟ್ಸು ಬಿಟ್ಟ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕನ್ನಡಕ ಬಂದ ಮೇಲೆ ಅರ್ಧ ತೊಂದರೆ ಹೋಯಿತು. ಕಣ್ಣು, ಕಿವಿ ಎರಡೂ ಸರಿ ಇದ್ದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟರನ್ನು ನೋಡಿ. ನಿಮಗೆ ಚಿಕ್ಕಬಳ್ಳಾಪುರದ್ದು. ಕೋಲಾರದ ಕಡೆಯವರಿಗೆ ಅಲ್ಲಿನ ಎಸ್‌ಎನ್‌ಆರ್ ಆಸ್ಪತ್ರೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಬಹುದು. ಅವರು ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ. ಅಲ್ಲಿಂದ ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ ಇದೆ. ಓದು, ಬರಹ, ಲೆಕ್ಕ ಮೂರನ್ನೂ ಪರೀಕ್ಷೆ ಮಾಡುತ್ತಾರೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ನೋಡುತ್ತಾರೆ. ಕೈಯ ಕಷ್ಟಕ್ಕೆ ನೆರವಾಗುವವರನ್ನು ಆಕ್ಯುಪೇಶನಲ್ ಥೆರಪಿಸ್ಟ್ ಅನ್ನುತ್ತಾರೆ. ಆ ಹೆಸರು ನೆನಪಿಟ್ಟುಕೊಂಡು ಕೇಳಿ.

ಇಂದು ಸಂಜೆ ಹೀಗೆ ಮಾಡಿ. ನಾಲ್ಕು ಜ್ವರದ ಕತೆಯನ್ನು ಅವನು ಹೇಳಲಿ, ಅವರಪ್ಪ ಕೂತು ಬರೆದುಕೊಳ್ಳಲಿ. ಮಗ ಹೇಳುವ ವೇಗಕ್ಕೆ ಅಪ್ಪನ ಕೈ ಓಡುತ್ತದಾ ನೋಡಲಿ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಾಲ್ಕು ಮತ್ತು ಐದನೇ ತರಗತಿ ಸೇರಿ 32 ಮಕ್ಕಳು. ಅದರಲ್ಲಿ ನಾಲ್ವರು ಬೋರ್ಡಿನಿಂದ ಇಳಿಸಿಕೊಳ್ಳಲಾರರು. ಅವರಿಗೆ ಅಂತ ಬೇರೆ ಕೂತು ಹೇಳಿಕೊಡಲು ಪುರುಸೊತ್ತಿಲ್ಲ. ಸಿಲಬಸ್ ಮುಗಿಸಬೇಕು. ಏನು ಮಾಡಬಹುದು?
— ಮಾಲೂರು ತಾಲ್ಲೂಕು

ಉತ್ತರ: ನಿನ್ನ ಪತ್ರ ಓದಿ ಸಂತೋಷವಾಯಿತಮ್ಮ. 32 ಮಕ್ಕಳ ನಡುವೆ ಆ ನಾಲ್ಕು ಮಕ್ಕಳು ನಿನ್ನ ಕಣ್ಣಿಗೆ ಬಿದ್ದಿದ್ದಾರಲ್ಲ, ಅದೇ ದೊಡ್ಡದು.

ಮೊದಲಿಗೆ ಆ ನಾಲ್ವರನ್ನು ಬೋರ್ಡಿನಿಂದ ಬಿಡಿಸು. ಬೋರ್ಡು ನೋಡಿ, ತಲೆಯಲ್ಲಿ ಹಿಡಿದಿಟ್ಟುಕೊಂಡು, ತಲೆ ಬಗ್ಗಿಸಿ ಬರೆದು, ಮತ್ತೆ ತಲೆ ಎತ್ತಿ ಆ ಸಾಲನ್ನು ಹುಡುಕುವುದು ಅವರಿಗೆ ದೊಡ್ಡ ಕೆಲಸ. ಚೆನ್ನಾಗಿ ಬರೆಯುವ ಮಗುವಿನ ನೋಟ್ಸನ್ನು ಪಕ್ಕದಲ್ಲಿ ಇಟ್ಟುಕೊಂಡು ಬರೆಯಲಿ. ಹತ್ತು ಪ್ರಶ್ನೆ ಇದ್ದರೆ ಮೂರಕ್ಕೆ ಬರೆಯಲಿ, ಉಳಿದ ಏಳಕ್ಕೆ ಬಾಯಲ್ಲಿ ಹೇಳಲಿ. ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಾಗ ಕೇಳಿದರೂ ಆಗುತ್ತದೆ. ಬಾಯಲ್ಲಿ ಹೇಳಿದ್ದಕ್ಕೂ ಪೂರ್ತಿ ಅಂಕ ಕೊಡು.

ಅಕ್ಷರ ಕಲಿಸಲು ದಿನಕ್ಕೆ ಹತ್ತು ನಿಮಿಷ ಸಾಕು. ವಾರಕ್ಕೊಂದು ದಿನ ಒಂದು ಗಂಟೆ ಹಿಡಿದು ಕೂರಿಸುವುದಕ್ಕಿಂತ ದಿನಾ ಹತ್ತು ನಿಮಿಷ ಲೇಸು. ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳ ನಲಿಕಲಿಯಲ್ಲಿ ಅಕ್ಷರಗಳನ್ನು ಅ ಆ ಇ ಈ ಅಂತ ಶುರು ಮಾಡುವುದಿಲ್ಲ. ರ ಗ ಸ ದ ಅ, ಆಮೇಲೆ ಜ ವ ಮ ಬ ನ ಅಂತ ಹೋಗುತ್ತೇವೆ, ಗೊತ್ತಲ್ವಾ? 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಸುಲಭವಾದ ಆಕಾರ ಮೊದಲು, ಒಂದರಿಂದ ಇನ್ನೊಂದು ಹುಟ್ಟುವ ಹಾಗೆ. ಐದನೇ ಕ್ಲಾಸಿಗೆ ಬಂದ ಮಗುವಿಗೂ ಇದೇ ದಾರಿ ಹಿಡಿ. ನಾಚಿಕೆಪಡುವ ಮಗುವಾದರೆ ಚಿಕ್ಕ ಮಕ್ಕಳ ಕಾರ್ಡು ತೋರಿಸಬೇಡ, ಬೇರೆ ಹಾಳೆಯಲ್ಲಿ ಬರೆದುಕೊಡು. ಒಂದು ವಾರ ಒಂದೇ ಗುಂಪು. ಅಕ್ಷರ ಎಲ್ಲಿಂದ ಶುರು, ಎತ್ತ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಬಾಯಲ್ಲಿ ಹೇಳುತ್ತಾ ಬರೆಯಲಿ. ನಮ್ಮ ಅಜ್ಜಿಯರು ತಟ್ಟೆಯಲ್ಲಿ ಅಕ್ಕಿ ಹರಡಿ ಬರೆಸುತ್ತಿದ್ದರು. ನಾನು ರಾಗಿ ಹಿಟ್ಟಿನಲ್ಲಿ ಬರೆಸುತ್ತಿದ್ದೆ. ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಬೆರಳು ಹೋದ ದಾರಿ ಎದ್ದು ಕಾಣುತ್ತದೆ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಆಯಿತು, ರಬ್ಬರ್ ಬೇಡ, ತೂತಿಲ್ಲ, ಕೆಂಪು ಇಂಕಿಲ್ಲ.

ಒತ್ತಕ್ಷರ ಶುರುವಾದ ಮೇಲೆ ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಸು. ಸಿಂಗಲ್ ರೂಲ್ ಪುಸ್ತಕದಲ್ಲಿ ‘ಅಜ್ಜ’ನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ಮಗು ಗಾಬರಿಯಾಗಿ ಒತ್ತನ್ನೇ ಬಿಟ್ಟುಬಿಡುತ್ತದೆ. ಎಷ್ಟೋ ಮಕ್ಕಳಿಗೆ ಇಷ್ಟು ಜಾಗ ಕೊಟ್ಟ ಮೇಲೆ ಒತ್ತು ತಾನಾಗಿ ಬಂತು.

ತಿದ್ದುವಾಗ ಪುಟವೆಲ್ಲ ಕೆಂಪು ಮಾಡಬೇಡ. ಈ ವಾರ ದೀರ್ಘ ಮಾತ್ರ ನೋಡುತ್ತೇನೆ ಅಂತ ಮಗುವಿಗೆ ಹೇಳಿ ಅದೊಂದನ್ನೇ ತಿದ್ದು. ಮತ್ತೆ ಇನ್ನೊಂದು ಮಾತು. ಬರೆದಿಲ್ಲ ಅಂತ ಆಟದ ಪೀರಿಯಡ್ಡು ಕಿತ್ತುಕೊಳ್ಳಬೇಡ. ನೂರು ಸಲ ಬರಿ ಅನ್ನಬೇಡ, ಬೇರೆ ಮಕ್ಕಳ ಮುಂದೆ ಪುಸ್ತಕ ಎತ್ತಿ ತೋರಿಸಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರ ನಿಷೇಧಿಸಿಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ.

ಈಗ ಅವರೆಕಾಯಿ ಕಾಲ. ನಮ್ಮ ಕಡೆ ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ರಾತ್ರಿ ನೆನೆಹಾಕಿದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿತುಕಿದರೆ ಬೇಳೆ ಪುಳಕ್ ಅಂತ ಹೊರಗೆ ಜಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜೋರಾಗಿ ಒತ್ತಿದರೆ ಬೇಳೆ ಜಜ್ಜಿಹೋಗುತ್ತದೆ ಅಥವಾ ಎಲ್ಲೋ ಹಾರಿಹೋಗುತ್ತದೆ. ಮೆತ್ತಗೆ ಹಿಡಿದರೆ ಹೊರಗೇ ಬರುವುದಿಲ್ಲ. ಎಷ್ಟು ಒತ್ತಬೇಕು ಅನ್ನುವ ಹದ ಬೆರಳಿಗೆ ಇದಕ್ಕಿಂತ ಚೆನ್ನಾಗಿ ಕಲಿಸುವ ಕೆಲಸ ನನಗೆ ಗೊತ್ತಿಲ್ಲ. ಪೆನ್ಸಿಲ್ ಹಿಡಿಯುವುದೂ ಅದೇ ಬೆರಳುಗಳೇ. ಗಂಡು ಮಕ್ಕಳನ್ನೂ ಕೂರಿಸಿ ಅಂತ ತಾಯಂದಿರ ಸಭೆಯಲ್ಲಿ ಹೇಳು. ಚುಕ್ಕಿ ರಂಗೋಲಿ, ಹೂ ಕಟ್ಟುವುದು, ಬಟ್ಟೆ ಹಿಂಡುವುದು, ಎಲ್ಲವೂ ಒಳ್ಳೆಯದೇ. ಆದರೆ ಬೆರಳಿಗೆ ಬಲ ಬಂದ ಮಾತ್ರಕ್ಕೆ ಅಕ್ಷರ ಬರುವುದಿಲ್ಲ. ಅಕ್ಷರವನ್ನು ಬರೆದೇ ಕಲಿಯಬೇಕು. ಎರಡೂ ಜೊತೆಯಲ್ಲಿ ನಡೆಯಲಿ.

ಮಕ್ಕಳು ಕೂರುವ ರೀತಿಯನ್ನೂ ನೋಡು. ಬೆಂಚು ಎತ್ತರ ಇದ್ದು ಕಾಲು ಜೋತಾಡುತ್ತಿದ್ದರೆ ಕಾಲ ಕೆಳಗೆ ಎರಡು ಇಟ್ಟಿಗೆ ಇಡು. ಕಾಲು ಊರದ ಮಗುವಿನ ಮೈ ಗಟ್ಟಿ ನಿಲ್ಲುವುದಿಲ್ಲ, ಮೈ ನಿಲ್ಲದಿದ್ದರೆ ಕೈಯೂ ನಿಲ್ಲುವುದಿಲ್ಲ. ನೆಲದ ಮೇಲೆ ಕೂರುವ ಮಕ್ಕಳಿಗೆ ತೊಡೆಯ ಮೇಲೆ ಪುಸ್ತಕ ಇಟ್ಟು ಬರೆಸಬೇಡ, ಮಣೆ ಕೊಡು. ತಾಲ್ಲೂಕಿನ ಬಿಆರ್‌ಸಿ (ಶಾಲೆಗಳಿಗೆ ನೆರವಾಗುವ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಅನ್ನುವ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ನೇಮಿಸಿದ ಶಿಕ್ಷಕರು ಇರುತ್ತಾರೆ. ಹೆಡ್‌ಮಾಸ್ಟರ್ ಮೂಲಕ ಆ ನಾಲ್ವರ ಹೆಸರು ಕೊಟ್ಟು ಬರಲು ಹೇಳು. ಅದು ಅವರ ಕೆಲಸವೇ, ಸಂಕೋಚ ಬೇಡ.

ಪ್ರಶ್ನೆ: ನಮ್ಮ ಮನೆಯಲ್ಲಿ ತೆಲುಗು ಮಾತು. ಮಗಳು ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಕನ್ನಡ ಬರೆಯುವಾಗ ತುಂಬ ತಪ್ಪು. ಪಕ್ಕದ ಮನೆಯವರು ಇದು ಡಿಸ್‌ಲೆಕ್ಸಿಯಾ (ಓದು, ಬರಹ ಕಲಿಯುವ ತೊಂದರೆ), ಬೆಂಗಳೂರಿಗೆ ತೋರಿಸಿ ಅಂತಾರೆ. ಭಯವಾಗುತ್ತಿದೆ.
— ಬಾಗೇಪಲ್ಲಿ

ಉತ್ತರ: ಭಯ ಬೇಡ. ನೀವು ಕಳಿಸಿದ ಹಾಳೆ ನೋಡಿದೆ. ಮಗು ‘ನೀರು’ ಬರೆಯುವಲ್ಲಿ ‘ನೀಳ್ಳು’ ಅಂತ ಬರೆದಿದ್ದಾಳೆ. ಅದರಲ್ಲಿ ದೀರ್ಘವೂ ಸರಿ, ಒತ್ತೂ ಸರಿ! ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಸರಿಯಾಗಿಯೇ ಬರೆದಿದ್ದಾಳೆ. ‘ಹಾಲು’ ಬದಲು ‘ಆಲು’ ಅಂತಲೂ ಬರೆದಿದ್ದಾಳೆ. ನಮ್ಮ ಕಡೆ ಕನ್ನಡದ ಮನೆಯ ಮಕ್ಕಳೂ ಹಾಗೇ ಬರೆಯುತ್ತಾರೆ, ಯಾಕಂದರೆ ನಾವು ಮಾತಾಡುವುದೇ ಹಾಗೆ. ಇದು ಭಾಷೆಯ ವಿಷಯ. ಕನ್ನಡ ಕೇಳುವುದು, ಮಾತಾಡುವುದು ಜಾಸ್ತಿ ಆದ ಹಾಗೆ ಸರಿಹೋಗುತ್ತದೆ. ಮನೆಯಲ್ಲಿ ತೆಲುಗು ಬಿಡಬೇಡಿ. ಅವಳು ಯೋಚನೆ ಮಾಡುವುದೇ ಅದರಲ್ಲಿ.

ನಿಜವಾದ ತೊಂದರೆ ಇದ್ದರೆ ಅದು ಒಂದು ಭಾಷೆಯಲ್ಲಿ ಮಾತ್ರ ಕಾಣಿಸಿಕೊಳ್ಳುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲೂ, ಅಂಕಿ ಬರೆಯುವುದರಲ್ಲೂ ಅದೇ ಒದ್ದಾಟ ಇರುತ್ತದೆ. ಕೂಡುವ ಲೆಕ್ಕದಲ್ಲಿ ಬಿಡಿ, ಹತ್ತು ಒಂದರ ಕೆಳಗೆ ಒಂದು ಸಾಲಾಗಿ ಬರುವುದಿಲ್ಲ. ಅಂಥದ್ದು ಏನೂ ನಿಮ್ಮ ಮಗಳ ಹಾಳೆಯಲ್ಲಿ ನನಗೆ ಕಾಣಲಿಲ್ಲ. ಈ ವರ್ಷ ಪೂರ್ತಿ ನೋಡಿ. ತೆಲುಗಿನಲ್ಲಿ ಕತೆ ಹೇಳುವುದಕ್ಕೂ ತಡವರಿಸಿದರೆ, ನಿನ್ನೆ ಕಲಿತ ಅಕ್ಷರ ಇವತ್ತು ಮರೆತರೆ, ಆಗ ತೋರಿಸಿ. ಹಾಗೆ ತೋರಿಸುವಾಗ ಮನೆಮಾತು ತೆಲುಗು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಉರ್ದು ಮಾತಾಡುವ ಮನೆಯವರಿಗೂ ಇದೇ ಮಾತು. ಬಲದಿಂದ ಎಡಕ್ಕೆ ಒಂದು ಲಿಪಿ, ಎಡದಿಂದ ಬಲಕ್ಕೆ ಎರಡು ಲಿಪಿ ಕಲಿಯುವ ಮಗುವಿಗೆ ಸ್ವಲ್ಪ ಜಾಸ್ತಿ ಸಮಯ ಬೇಕು.

ಪ್ರಶ್ನೆ: ಟೀಚರ್, ನಾನು ಒಂಬತ್ತನೇ ಕ್ಲಾಸು. ನನಗೆ ಎಲ್ಲ ಉತ್ತರ ಗೊತ್ತಿರುತ್ತೆ. ಆದರೆ ಯಾವ ಪರೀಕ್ಷೆಯಲ್ಲೂ ಪೂರ್ತಿ ಬರೆಯೋಕೆ ಆಗಿಲ್ಲ. ಅರ್ಧಕ್ಕೆ ಕೈ ನೋವು ಬರುತ್ತೆ. ಆಮೇಲೆ ನನ್ನ ಅಕ್ಷರ ನನಗೇ ಓದೋಕೆ ಬರಲ್ಲ. ಚಿಕ್ಕವಳಿದ್ದಾಗಿಂದ ಹೀಗೇ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಈ ಪತ್ರ ನನ್ನ ಅಕ್ಕನ ಕೈಲಿ ಬರೆಸಿದ್ದೇನೆ.
— ಬಂಗಾರಪೇಟೆ

ಉತ್ತರ: ಮಗಳೇ, ಅಕ್ಕನ ಕೈಲಿ ಬರೆಸಿದ್ದರಲ್ಲಿ ತಪ್ಪೇನೂ ಇಲ್ಲ. ಪತ್ರ ನಿನ್ನದೇ.

ನಿನಗೆ ಇನ್ನೂ ಸಮಯ ಇದೆ, ಅದಕ್ಕೇ ನಿನ್ನ ಪತ್ರವನ್ನು ಈ ಸಂಚಿಕೆಯಲ್ಲೇ ತೆಗೆದುಕೊಂಡೆ. 2016ರಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆ ಬಂತು. ಹಳೆಯ 1995ರ ಕಾಯ್ದೆಯಲ್ಲಿ ಏಳೇ ಬಗೆಯ ತೊಂದರೆಗಳಿದ್ದವು. ಹೊಸದರಲ್ಲಿ 21. ಅದರಲ್ಲಿ ಕಲಿಕಾ ನ್ಯೂನತೆಯೂ ಒಂದು, ಡಿಸ್‌ಗ್ರಾಫಿಯ ಅದರೊಳಗೇ ಬರುತ್ತದೆ. ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ನೀನು ಹೇಳಿದ್ದನ್ನು ಬರೆಯುವ ಲಿಪಿಕಾರರು, ಭಾಷಾ ವಿಷಯದಲ್ಲಿ ರಿಯಾಯಿತಿ ಕೊಡಬೇಕು ಅಂತ ಆ ಕಾಯ್ದೆಯಲ್ಲೇ ಬರೆದಿದೆ. ಹೆಚ್ಚಿನ ಸಮಯಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿಯ ಲೆಕ್ಕ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಂತೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಜಾಸ್ತಿ ಆಯಿತಲ್ವಾ?

ಇದಕ್ಕೆ ಪ್ರಮಾಣಪತ್ರ ಬೇಕು. ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಕೊಡುತ್ತಾರೆ, ನಿನಗೆ ಆ ಚಿಂತೆ ಇಲ್ಲ. ಮಕ್ಕಳ ಡಾಕ್ಟರು ನೋಡುತ್ತಾರೆ, ಸೈಕಾಲಜಿಸ್ಟ್ ಬುದ್ಧಿಶಕ್ತಿಯ ಪರೀಕ್ಷೆಯನ್ನೂ ಕಲಿಕೆಯ ಪರೀಕ್ಷೆಯನ್ನೂ ಮಾಡುತ್ತಾರೆ. ಅದಕ್ಕೆ ಎರಡು ಮೂರು ಸಲ ಹೋಗಿ ಬರಬೇಕಾಗಬಹುದು. ಹಾಗಾಗಿ ಬರುವ ಬೇಸಿಗೆ ರಜೆಗೆ ಮುಂಚೆಯೇ ಜಿಲ್ಲಾ ಆಸ್ಪತ್ರೆಗೆ ಹೋಗು. ಹೋಗುವಾಗ ಕೆಳಗಿನ ಕ್ಲಾಸಿನ ನೋಟ್ಸುಗಳು, ಉತ್ತರ ಪತ್ರಿಕೆಗಳು ಏನಿದ್ದರೂ ತೆಗೆದುಕೊಂಡು ಹೋಗು. ಚಿಕ್ಕಂದಿನಿಂದ ಹೀಗೇ ಇದೆ ಅನ್ನುವುದಕ್ಕೆ ಅವೇ ಸಾಕ್ಷಿ. ಹತ್ತನೇ ಕ್ಲಾಸು ಶುರುವಾದ ತಕ್ಷಣ ಹೆಡ್‌ಮಾಸ್ಟರ್ ಮೂಲಕ ಎಸ್ಸೆಸ್ಸೆಲ್ಸಿ ಮಂಡಳಿಗೆ ಅರ್ಜಿ ಹೋಗಬೇಕು. ಹಾಲ್ ಟಿಕೆಟ್ ಬರುವವರೆಗೆ ಕಾದು ಕೂತವರನ್ನು ನೋಡಿ ಹೊಟ್ಟೆ ಉರಿದಿದೆ.

ಲಿಪಿಕಾರರು ಸಿಕ್ಕರೂ ಅಭ್ಯಾಸ ಬೇಕು. ಇನ್ನೊಬ್ಬರಿಗೆ ಹೇಳಿ ಬರೆಸುವುದು ಸುಲಭ ಅಲ್ಲ. ಅಕ್ಕನನ್ನೇ ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಹೇಳಿ ಬರೆಸು. ಒಂದು ವಾಕ್ಯ ಪೂರ್ತಿ ಮನಸ್ಸಲ್ಲಿ ಕಟ್ಟಿಕೊಂಡು ಹೇಳುವುದು, ಲೆಕ್ಕದ ಹಂತ ಹೇಳುವುದು, ಚಿತ್ರಕ್ಕೆ ಹೆಸರು ಹೇಳುವುದು, ಎಲ್ಲ ರೂಢಿ ಆಗಲಿ. ಈಗ ನೀನೇ ಬರೆಯುವಾಗ ಸ್ವಲ್ಪ ದಪ್ಪನೆಯ, ಸಲೀಸಾಗಿ ಹರಿಯುವ ಪೆನ್ನು ಬಳಸು. ಹತ್ತು ನಿಮಿಷಕ್ಕೊಮ್ಮೆ ಕೈ ಸಡಿಲ ಬಿಡು. ಮನೆಯ ನೋಟ್ಸಿಗೆ ಫೋನಿನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಮಾಡು. ನೀನು ಮಾತಾಡಿದ್ದು ಅಕ್ಷರವಾಗಿ ಬರುತ್ತದೆ. ತಪ್ಪು ಬಂದ ಕಡೆ ತಿದ್ದುವುದೂ ಒಂದು ಪಾಠವೇ.

ಒಂದು ಮಾತು ಅಮ್ಮನಿಗೆ ಹೇಳು. ಚಿಕ್ಕಂದಿನಿಂದ ಇರುವ ಕಷ್ಟ ಬೇರೆ. ಚೆನ್ನಾಗಿ ಬರೆಯುತ್ತಿದ್ದ ಮಗುವಿನ ಅಕ್ಷರ ಇದ್ದಕ್ಕಿದ್ದ ಹಾಗೆ ಕೆಟ್ಟರೆ, ಕೈ ನಡುಗಿದರೆ, ಬಲ ಕಡಿಮೆಯಾದರೆ ಅದು ಬೇರೆ. ಆಗ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಪ್ರಶ್ನೆ: ಹತ್ತು ನಿಮಿಷ ಬರೆದರೆ ನನ್ನ ಮಗನ ಕೈ ಸೋಲುತ್ತೆ, ಪದದಲ್ಲಿ ಅಕ್ಷರ ಬಿಟ್ಟುಹೋಗುತ್ತೆ. ತಿಂಗಳಲ್ಲಿ ಮುತ್ತಿನಂಥ ಅಕ್ಷರ ಮಾಡಿಕೊಡುತ್ತೇವೆ ಅನ್ನುವ ಹ್ಯಾಂಡ್‌ರೈಟಿಂಗ್ ಕ್ಲಾಸಿಗೆ ಮಗನನ್ನು ಸೇರಿಸಬಹುದಾ? ನೆನಪಿನ ಶಕ್ತಿಯ ಟಾನಿಕ್ ಕೊಡಿ ಅಂತಲೂ ಹೇಳುತ್ತಾರೆ.
— ಒಬ್ಬ ತಂದೆ, ಕೋಲಾರ

ಉತ್ತರ: ಅಕ್ಷರ ಅಂದವಾಗಿರಲಿ ಅನ್ನುವುದಕ್ಕಾದರೆ ಸೇರಿಸಿ. ನಿಮ್ಮ ಮಗನಿಗೆ ಇರುವ ಕಷ್ಟ ಅಂದದ್ದಲ್ಲ. ಹತ್ತು ನಿಮಿಷ ಬರೆದರೆ ಕೈ ಸೋಲುತ್ತದೆ, ಪದದಲ್ಲಿ ಅಕ್ಷರ ಬಿಟ್ಟುಹೋಗುತ್ತದೆ ಅಂತ ನೀವೇ ಬರೆದಿದ್ದೀರಿ. ಇದಕ್ಕೆ ಕಾಪಿ ಪುಸ್ತಕದ ಇನ್ನೂರು ಪುಟ ಬರೆಸಿದರೆ ಬರವಣಿಗೆ ಅಂದರೇನೇ ಹೇಸಿಕೆ ಹುಟ್ಟುತ್ತದೆ. ಟಾನಿಕ್ಕಿನ ದುಡ್ಡಲ್ಲಿ ಒಂದು ಕಣ್ಣಿನ ಪರೀಕ್ಷೆ ಮಾಡಿಸಿ. ಡಿಸ್‌ಗ್ರಾಫಿಯಕ್ಕೆ ಮಾತ್ರೆ, ಟಾನಿಕ್ ಇಲ್ಲ. ಗಮನ ಹಿಡಿದಿಡಲಾಗದ ತೊಂದರೆಯೂ ಜೊತೆಗಿದ್ದರೆ ಡಾಕ್ಟರು ಅದಕ್ಕೆ ಬೇರೆ ಚಿಕಿತ್ಸೆ ಹೇಳಬಹುದು. ಅದನ್ನು ಅವರೇ ಹೇಳಬೇಕು.

ಪ್ರಶ್ನೆ: ಅಮ್ಮಾ, ನನ್ನ ಮೊಮ್ಮಗ ಎರಡನೇ ಕ್ಲಾಸು. ಎಡಚ. ಮನೆಯಲ್ಲಿ ಎಲ್ಲರೂ ಬಲಗೈಯಲ್ಲಿ ಬರೆಸಿ ಬರೆಸಿ ಸಾಕಾಗಿದ್ದಾರೆ. ಊಟವಾದರೂ ಬಲಗೈಯಲ್ಲಿ ಮಾಡುತ್ತಾನೆ, ಬರೆಯೋದು ಮಾತ್ರ ಆಗುತ್ತಿಲ್ಲ. ಎಡಗೈ ಕಟ್ಟಿಹಾಕಿ ಬರೆಸಿ ಅಂತ ಯಾರೋ ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ.
— ಒಬ್ಬ ತಾತ, ಮುಳಬಾಗಿಲು

ಉತ್ತರ: ನಿಮ್ಮ ಮನಸ್ಸು ಹೇಳಿದ್ದೇ ಸರಿ ಸ್ವಾಮಿ. ಕೈ ಕಟ್ಟಬೇಡಿ. ಎಡಗೈ ರೋಗವಲ್ಲ, ನ್ಯೂನತೆಯೂ ಅಲ್ಲ. ಒತ್ತಾಯವಾಗಿ ಕೈ ಬದಲಿಸಿದರೆ ಇಲ್ಲದ ತೊಂದರೆಯನ್ನು ನಾವೇ ತಂದುಕೊಂಡ ಹಾಗೆ. ಊಟ, ಆರತಿ ಬಲಗೈಯಲ್ಲೇ ಇರಲಿ ಅಂದರೆ ಇರಲಿ, ಅದು ಮನೆಯ ರೂಢಿ. ಬರೆಯುವುದು ಅವನ ಕೈಗೆ ಬಿಡಿ.

ಪತ್ರದ ಕೊನೆಯಲ್ಲಿ ಅವನ ಹೆಸರನ್ನು ಅವನ ಕೈಲೇ ಬರೆಸಿದ್ದೀರಿ. ಎಡಗೈಯಲ್ಲೇ ಬರೆದಿದ್ದಾನೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಇಂಕು ಬಲಕ್ಕೆ ಒರೆಸಿಕೊಂಡು ಹೋಗಿದೆ. ಬರೆದ ಅಕ್ಷರದ ಮೇಲೆಯೇ ಅವನ ಅಂಗೈ ಜಾರುತ್ತದೆ, ಪಾಪ. ಪುಸ್ತಕವನ್ನು ಎದೆಯ ನೇರಕ್ಕೆ ಇಡದೆ ಸ್ವಲ್ಪ ಎಡಕ್ಕೆ ಇಡಿ. ಹಾಳೆಯ ಮೇಲಿನ ಅಂಚನ್ನು ಬಲಗಡೆಗೆ ವಾಲಿಸಿ. ಪೆನ್ಸಿಲ್ಲನ್ನು ಮೊನೆಯಿಂದ ಎರಡು ಬೆರಳು ಮೇಲಕ್ಕೆ ಹಿಡಿಯಲಿ, ಆಗ ಬರೆದದ್ದು ಅವನಿಗೆ ಕಾಣುತ್ತದೆ, ಮಣಿಕಟ್ಟು ಸೊಟ್ಟ ಮಾಡಬೇಕಾಗಿಲ್ಲ. ಬೆಳಕು ಬಲಗಡೆಯಿಂದ ಬರುವ ಹಾಗೆ ಕೂರಿಸಿ. ಕ್ಲಾಸಿನಲ್ಲಿ ಬೆಂಚಿನ ಎಡ ತುದಿ ಕೊಡಿ ಅಂತ ಟೀಚರನ್ನು ಕೇಳಿ. ಇಲ್ಲದಿದ್ದರೆ ಪಕ್ಕದ ಹುಡುಗನ ಮೊಣಕೈಗೆ ಇವನ ಮೊಣಕೈ ತಾಗುತ್ತಲೇ ಇರುತ್ತದೆ. ಜೆಲ್ ಪೆನ್ನು ಬೇಡ, ಸದ್ಯಕ್ಕೆ ಪೆನ್ಸಿಲ್ಲೇ ಸಾಕು.

ಒರೆಸಿಹೋದರೂ ಅವನ ಹೆಸರು ಓದಲು ಬಂತು. ಒತ್ತನ್ನೂ ಬಿಟ್ಟಿಲ್ಲ. ಅವನಿಗೆ ಹೇಳಿ.